ಮಲದಲ್ಲಿ ಕಂಡ ಗುಳಿಗೆ ಡುಪ್ಲಿಕೇಟ್ ಅಲ್ಲ

"ಗುಳಿಗಿ ಕರಗೇ ಇಲ್ಲರೀ, ಹೆಂಗಿತ್ತೋ ಹಂಗ ಹೊರಗ ಬಂದೈತಿ. ಡುಪ್ಲಿಕೇಟ್ ಇರಬೇಕು." ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಔಷಧಿ ಅಂಗಡಿಯವರಿಗೆ ಈ ದೂರು ಹೊಸದೇನಲ್ಲ. ಬಿ.ಪಿ.ಗೆ ಕೊಡುವ, ದಿನವಿಡೀ ಔಷಧವನ್ನು ನಿಧಾನವಾಗಿ ಬಿಡುವ ಮಿನಿಪ್ರೆಸ್ ಎಕ್ಸ್‌ಎಲ್‌ನಂಥ ಗುಳಿಗೆಗಳಲ್ಲಿ ಇದು ಮಾಮೂಲು. ಹೊರಬಿದ್ದದ್ದು ಸಿಪ್ಪೆ ಮಾತ್ರ. ಔಷಧ ಆಗಲೇ ರಕ್ತ ಸೇರಿರುತ್ತದೆ. ಇದು ತಿಳಿಯದೆ ಮರುದಿನ ಎರಡು ನುಂಗಿದರೆ ಅಪಾಯ.

ಆ ಸಿಪ್ಪೆ ಸೆಲ್ಯುಲೋಸ್ ಅಸಿಟೇಟಿನದು. ನೀರನ್ನು ಒಳಗೆ ಬಿಡುತ್ತದೆ, ಉಪ್ಪು, ಔಷಧಗಳನ್ನು ದಾಟಗೊಡುವುದಿಲ್ಲ, ತಾನೂ ಕರಗುವುದಿಲ್ಲ. ಉಪ್ಪಿನಕಾಯಿಗೆಂದು ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುತ್ತದಲ್ಲ, ಅದೇ ಸೆಳೆತ ಇಲ್ಲಿಯೂ ಕೆಲಸ ಮಾಡುತ್ತದೆ. ಉಪ್ಪು ಗುಳಿಗೆಯೊಳಗೇ ಇರುವುದರಿಂದ ಕರುಳಿನ ನೀರು ಒಳನುಗ್ಗುತ್ತದೆ. ಈ ಸೆಳೆತ ಸಣ್ಣದಲ್ಲ: 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನು ಕರಗದಷ್ಟು ಅಡುಗೆ ಉಪ್ಪು ತುಂಬಿದ ನೀರಿನ ಆಸ್ಮೋಟಿಕ್ ಒತ್ತಡ, ಅಂದರೆ ಈ ಸೆಳೆತದ ಅಳತೆ, ವಾತಾವರಣದ ಒತ್ತಡದ ಸುಮಾರು 350 ಪಟ್ಟು.

ಸಿಪ್ಪೆಯೊಳಗೆ ಎರಡು ಪದರ. ಮೇಲಿನದರಲ್ಲಿ ಔಷಧ ಮತ್ತು ನೀರು ಹೀರಿ ಉಬ್ಬುವ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು). ಕೆಳಗಿನದರಲ್ಲಿ ಅದೇ ಪಾಲಿಮರಿನ ಇನ್ನೂ ಉದ್ದ ಸರಪಳಿಗಳು, ಜೊತೆಗೆ ಉಪ್ಪು. ನೀರು ಹೀರಿ ಕೆಳಪದರ ಉಬ್ಬಿದಂತೆ, ರಾಡಿಯಾದ ಔಷಧ ಲೇಸರಿನಿಂದ ಕೊರೆದ ಒಂದೇ ತೂತಿನಿಂದ ಹೊರಬರುತ್ತದೆ. ನೀರು ಬರುವ ವೇಗವೇ ಔಷಧ ಹೋಗುವ ವೇಗ. ಹೊಟ್ಟೆಯ ಹುಳಿಗೂ ಕರುಳಿನ ಚಲನೆಗೂ ಇದು ಹೆಚ್ಚು ಜಗ್ಗುವುದಿಲ್ಲ. ಮೊದಲ ಒಂದೆರಡು ತಾಸು ಮಾತ್ರ ನೀರು ತುಂಬಿಕೊಳ್ಳುವುದರಲ್ಲೇ ಕಳೆಯುತ್ತವೆ.

ತಯಾರಿಕೆಯ ಕಷ್ಟವೆಲ್ಲ ಆ ತೂತಿನಲ್ಲಿದೆ. ಅಳತೆ ಸುಮಾರು ಅರ್ಧದಿಂದ ಒಂದು ಮಿಲಿಮೀಟರ್. ತೀರ ಸಣ್ಣದಾದರೆ ಒತ್ತಡ ಏರಿ ಸಿಪ್ಪೆ ಬಿರಿಯಬಹುದು. ದೊಡ್ಡದಾದರೆ ಔಷಧ ಕೆಳಪದರ ತಳ್ಳುವವರೆಗೆ ಕಾಯದೆ ತಾನಾಗಿ ಸೋರುತ್ತದೆ. ತಪ್ಪು ಬದಿಗೆ ಕೊರೆದರೆ ತಳ್ಳುವ ಪದರವೇ ಹೊರಬೀಳುತ್ತದೆ. ಅದಕ್ಕೇ ಎರಡು ಪದರಗಳಿಗೆ ಬೇರೆ ಬೇರೆ ಬಣ್ಣ. ಯಂತ್ರ ಬಣ್ಣ ನೋಡಿ ಕೊರೆಯುತ್ತದೆ.

ಇದರ ಬೇರು ಹಳೆಯದು. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಮದ್ಯಸಾರದ ಪಾತ್ರೆಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿಟ್ಟಾಗ ಪೊರೆ ಉಬ್ಬಿತು. 1955ರಲ್ಲಿ ಆಸ್ಟ್ರೇಲಿಯಾದ ರೋಸ್ ಮತ್ತು ನೆಲ್ಸನ್ ಇದೇ ತತ್ತ್ವದಿಂದ ಔಷಧ ಹನಿಸುವ ಪಂಪ್ ಮಾಡಿದರು. ಅದನ್ನು ನುಂಗುವ ಗುಳಿಗೆಯಷ್ಟು ಸರಳಗೊಳಿಸಿದವರು ಅಮೆರಿಕದ ಆಲ್ಜಾ ಕಂಪನಿಯ ಫೆಲಿಕ್ಸ್ ಥೀವಸ್, 1970ರ ದಶಕದಲ್ಲಿ. ಎಡವಿದ್ದೂ ಉಂಟು. ನೋವಿನ ಔಷಧ ಇಂಡೊಮೆಥಾಸಿನ್ ತುಂಬಿದ ಆಸ್ಮೊಸಿನ್ ಗುಳಿಗೆಯಿಂದ ಕೆಲವರ ಕರುಳಿಗೇ ತೂತು ಬಿದ್ದು, 1983ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು.

ಇಂಥ ಗುಳಿಗೆಯನ್ನು ಮುರಿಯಬಾರದು, ಕುಟ್ಟಬಾರದು, ಅಗಿಯಬಾರದು. ಸಿಪ್ಪೆ ಒಡೆದರೆ ದಿನವಿಡೀ ಹೋಗಬೇಕಾದ ಔಷಧ ಒಮ್ಮೆಲೇ ಹೋಗಿ ಬಿ.ಪಿ. ಕುಸಿಯಬಹುದು. ಕರುಳು ಕಿರಿದಾಗಿರುವವರು ಮೊದಲೇ ಡಾಕ್ಟರಿಗೆ ತಿಳಿಸಬೇಕು, ಏಕೆಂದರೆ ಸಿಪ್ಪೆ ಅಲ್ಲಿ ಸಿಕ್ಕಿಕೊಳ್ಳಬಹುದು. ಭೇದಿ ಹತ್ತಿ ಮೂರ್ನಾಲ್ಕು ತಾಸಿನಲ್ಲೇ ಗುಳಿಗೆ ಹೊರಬಿದ್ದರೆ ಮಾತು ಬೇರೆ. ಆಗ ಔಷಧ ನಿಜಕ್ಕೂ ಒಳಗೇ ಉಳಿದಿರಬಹುದು. ಆದರೂ ತಾವಾಗಿ ಇನ್ನೊಂದು ನುಂಗದೆ, ಬಿ.ಪಿ. ನೋಡಿಸಿಕೊಂಡು ಡಾಕ್ಟರನ್ನು ಕೇಳಿ.