ಬಾಂದಾರ: ಮೇಲೆ ರಸ್ತೆ, ಕೆಳಗೆ ನೀರು ಕಟ್ಟುವ ಗೇಟು

ಜುಲೈ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಒಂದು ಸುದ್ದಿ ಗ್ಯಾರಂಟಿ: ‘ಕಲ್ಲೋಳ-ಯಡೂರು ಸೇತುವೆ ಜಲಾವೃತ, ಸಂಚಾರ ಬಂದ್’. ಹೀಗೆ ಮತ್ತೆ ಮತ್ತೆ ಮುಳುಗುವ ಸೇತುವೆಯನ್ನು ಯಾಕಾದರೂ ಕಟ್ಟಿದರು ಅಂತ ಹೊರಗಿನವರು ಕೇಳುತ್ತಾರೆ. ಅದು ಬರೀ ಸೇತುವೆ ಅಲ್ಲ, ಬಾಂದಾರ. ಸರ್ಕಾರಿ ಕಡತದಲ್ಲಿ ‘ಬ್ರಿಜ್ ಕಂ ಬ್ಯಾರೇಜ್’.

ಬಾಂದಾರ ಅಂದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡು. ಸಾಲು ಕಂಬಗಳು, ನಡುನಡುವೆ ಕಿಂಡಿಗಳು. ಕಂಬಗಳ ಮಗ್ಗುಲಿಗೆ ಮೇಲಿಂದ ಕೆಳಗಿನವರೆಗೂ ಜಾಡು ಬಿಟ್ಟಿರುತ್ತಾರೆ. ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಆ ಜಾಡಿನಲ್ಲಿ ಗೇಟುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ನೀರು ಹಿಂದಕ್ಕೆ ನಿಲ್ಲುತ್ತದೆ. ದಂಡೆಯ ಕಬ್ಬು, ಊರಿನ ಕುಡಿಯುವ ನೀರು, ಎಲ್ಲಾ ಅದರ ಮೇಲೆಯೇ. ಗೇಟಿನ ಅಂಚಿನ ರಬ್ಬರ್ ಪಟ್ಟಿ ಹರಿದಿದ್ದರೆ ಸಂದಿಯಲ್ಲಿ ಹಗಲೂ ರಾತ್ರಿ ನೀರು ಸೋರುತ್ತದೆ, ಬೇಸಿಗೆ ನಡುವೆಯೇ ಹೊಳೆ ಬತ್ತುತ್ತದೆ. ಮುಂದಿನ ಮಳೆಗೆ ಮುಂಚೆ ಗೇಟು ತೆಗೆಯಲೇಬೇಕು. ತಡವಾದರೆ ನೀರಿನ ಒತ್ತಡಕ್ಕೆ ಅವು ಕದಲುವುದಿಲ್ಲ. ಆಗ ಹೊಳೆ ದಂಡೆ ಕೊರೆದು ಹೊಲಕ್ಕೆ ನುಗ್ಗುತ್ತದೆ.

ಇಂಥದ್ದಕ್ಕಾಗಿ ನಮ್ಮ ಜನ ಎಷ್ಟು ಪಾಡು ಪಟ್ಟಿದ್ದಾರೆ! 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಅಂತಲೇ ಹೆಸರಾದರು.

ಇನ್ನು ರಸ್ತೆ. ಕಂಬ ಹೇಗೂ ಎದ್ದಿರುತ್ತವೆ, ಮೇಲೆ ಕಾಂಕ್ರೀಟ್ ಹಾಸಿದರೆ ದಾರಿ ಆಯಿತು. ಖರ್ಚು ಕಡಿಮೆ, ಆದರೆ ಅಗಲವೂ ಕಡಿಮೆ, ಎತ್ತರವೂ ಕಡಿಮೆ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ನಡೆದು ಹೋಗುವವರು ಅಂಚಿಗೆ ಸರಿದು ಉಸಿರು ಬಿಗಿಹಿಡಿದು ನಿಲ್ಲಬೇಕು. ಮಹಾರಾಷ್ಟ್ರದ ಘಟ್ಟದಲ್ಲಿ ಜೋರು ಮಳೆಯಾಗಿ, ಅಲ್ಲಿನ ಕೊಯ್ನಾ ಜಲಾಶಯದಿಂದಲೂ ನೀರು ಬಿಟ್ಟರೆ ಹೊಳೆ ಈ ರಸ್ತೆಯ ಮೇಲೆಯೇ ಹರಿಯುತ್ತದೆ. ನೀರು ಇಳಿದ ತಕ್ಷಣ ವಾಹನ ಬಿಡುವುದೂ ಸರಿಯಲ್ಲ. ಕೆಸರು, ಸಿಕ್ಕಿಕೊಂಡ ಮರದ ಕೊಂಬೆ ತೆಗೆದು, ಹಾಸು ಗಟ್ಟಿ ಇದೆಯಾ ಅಂತ ನೋಡಬೇಕು.

ಬರೀ ದಾಟುವುದಕ್ಕೇ ಕಟ್ಟಿದ ಸೇತುವೆ ನೋಡಬೇಕೆಂದರೆ ವಿಜಯಪುರ ಜಿಲ್ಲೆಯ ಕೊಲ್ಹಾರಕ್ಕೆ ಹೋಗಿ. ಆಲಮಟ್ಟಿ ಹಿನ್ನೀರಿನ ಮೇಲೆ ಕೊರ್ತಿಯವರೆಗೆ ಸುಮಾರು 3 ಕಿ.ಮೀ. ಉದ್ದ. ಅಷ್ಟು ದೊಡ್ಡದು ಎಲ್ಲಾ ಕಡೆ ಬೇಕಾಗಿಲ್ಲ. ಆದರೆ ಬಾಂದಾರ ನೀರು ಕಟ್ಟಲಿ, ಪಕ್ಕದಲ್ಲಿ ಒಂದು ಎತ್ತರದ ಸೇತುವೆ ಕೊಡಿ ಅಂತ ಹೊಳೆಸಾಲಿನ ಊರಿನವರು ಕೇಳುವುದು ನ್ಯಾಯವಾದದ್ದೇ. ಮಳೆಗಾಲದಲ್ಲೂ ಅವರ ಮಕ್ಕಳು ಶಾಲೆಗೆ, ಬಾಣಂತಿಯರು ಆಸ್ಪತ್ರೆಗೆ ಹೋಗಬೇಕಲ್ವಾ?