ಸ್ಥಾಯಿಗೊಂದು ವೋಲ್ಟ್: ಮಾಡ್ಯುಲರ್ ಸಿಂಥಸೈಸರಿನ ಮೊದಲ ದಿನಗಳು

ಹಳೆಯ ಅನಲಾಗ್ ಸಿಂಥಸೈಸರುಗಳನ್ನು ದುರಸ್ತಿಗೆ ತರುವವರ ದೂರು ಬಹುತೇಕ ಒಂದೇ: ಶ್ರುತಿ ನಿಲ್ಲುವುದಿಲ್ಲ. ವಾದ್ಯವನ್ನು ಬಿಚ್ಚಿ, ಸ್ವರದ ಕಂಪನವನ್ನು ಹುಟ್ಟಿಸುವ ಆಸಿಲೇಟರ್ ಬೋರ್ಡಿನ ಜೋಡಿ ಟ್ರಾನ್ಸಿಸ್ಟರುಗಳಲ್ಲಿ ಒಂದರ ಮೇಲೆ ಬೆರಳಿಟ್ಟರೆ ಬೆರಳಿನ ಬಿಸುಪಿಗೇ ಸ್ವರ ಜಾರತೊಡಗುತ್ತದೆ. ಬೆರಳು ತೆಗೆದ ಮೇಲೆ ನಿಧಾನವಾಗಿ ಸ್ವಸ್ಥಾನಕ್ಕೆ ಮರಳುತ್ತದೆ. ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸಿ ನಾದ ಕಟ್ಟುವ ಮಾಡ್ಯುಲರ್ ಸಿಂಥಸೈಸರಿನ ಹುಟ್ಟಿನ ಕಥೆಯನ್ನು ನಾನು ಇಲ್ಲಿಂದಲೇ ಆರಂಭಿಸುತ್ತೇನೆ.

1964ಕ್ಕೆ ಮೊದಲು ಎಲೆಕ್ಟ್ರಾನಿಕ್ ಸಂಗೀತವೆಂದರೆ ಹೆಚ್ಚಾಗಿ ಪ್ರಯೋಗಾಲಯದ ಆಸಿಲೇಟರುಗಳ ಗುಂಡಿಯನ್ನು ಕೈಯಿಂದ ತಿರುಗಿಸಿ, ಧ್ವನಿಮುದ್ರಿಸಿ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸವಾಗಿತ್ತು. ಆ ವರ್ಷ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಎಂಜಿನಿಯರ್ ರಾಬರ್ಟ್ ಮೋಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರ ಅಗತ್ಯಗಳನ್ನು ಕೇಳಿ ತಿಳಿದು, ಗುಂಡಿ ತಿರುಗಿಸುವ ಕೈಯ ಕೆಲಸವನ್ನು ವೋಲ್ಟೇಜಿಗೆ ಒಪ್ಪಿಸಿದರು. ಜನ ಸಾಮಾನ್ಯವಾಗಿ ಕೀಬೋರ್ಡನ್ನೇ ಈ ವಾದ್ಯದ ಗುರುತೆಂದು ತಿಳಿಯುತ್ತಾರಾದರೂ ನಿಜವಾದ ಆವಿಷ್ಕಾರ ಈ ಒಪ್ಪಿಸುವಿಕೆಯೇ ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಆಸಿಲೇಟರಿನ ನಿಧಾನ ಕಂಪನವನ್ನು ಪ್ಯಾಚ್ ಕಾರ್ಡ್ ಎಂಬ ಜೋಡಣೆ ತಂತಿಯ ಮೂಲಕ ಇನ್ನೊಂದಕ್ಕೆ ಕೊಟ್ಟರೆ ಎರಡನೆಯದರ ಸ್ವರ ತೂಗುತ್ತದೆ. ಅದೇ ಕಾರ್ಡನ್ನು ನಾದದ ಕೆಲವು ಅಂಶಗಳನ್ನು ಸೋಸುವ ಫಿಲ್ಟರಿಗೆ ಚುಚ್ಚಿದರೆ ನಾದದ ಬಣ್ಣ ತೂಗುತ್ತದೆ.

ಆದರೆ ಕಿವಿಗೆ ಸ್ಥಾಯಿ ಏರುವುದು ಕೂಡಿಕೆಯಿಂದಲ್ಲ, ಗುಣಾಕಾರದಿಂದ. 110 ಹರ್ಟ್ಸ್‌ನಿಂದ 220ಕ್ಕೆ ಹೋಗುವುದೂ ಒಂದು ಸ್ಥಾಯಿ, 440ರಿಂದ 880ಕ್ಕೆ ಹೋಗುವುದೂ ಒಂದು ಸ್ಥಾಯಿ. ಆದ್ದರಿಂದ ಮೋಗ್ ಸ್ಥಾಯಿಗೊಂದು ವೋಲ್ಟ್ ಎಂಬ ಲೆಕ್ಕವನ್ನಿಟ್ಟು, ವೋಲ್ಟೇಜನ್ನು ಈ ಗುಣಾಕಾರಕ್ಕೆ ಮಾರ್ಪಡಿಸುವ ಹೊಣೆಯನ್ನು ಟ್ರಾನ್ಸಿಸ್ಟರಿನ ಸಹಜ ಗುಣಕ್ಕೇ ಬಿಟ್ಟರು: ಅದರ ಬೇಸ್ ಎಂಬ ನಿಯಂತ್ರಕ ತುದಿಗೆ ಸುಮಾರು 18 ಮಿಲಿವೋಲ್ಟ್ ಹೆಚ್ಚಿಸಿದರೆ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ. ತೊಡಕೂ ಅಲ್ಲೇ ಇದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 2 ಮಿಲಿವೋಲ್ಟಿನಷ್ಟು ವ್ಯತ್ಯಾಸವಾಗುವುದರಿಂದ, ಒಂಟಿ ಟ್ರಾನ್ಸಿಸ್ಟರನ್ನು ನಂಬಿದರೆ ಸ್ವರ ಒಂದು ಸ್ವರಸ್ಥಾನಕ್ಕಿಂತ ಹೆಚ್ಚೇ ಸರಿಯುತ್ತದೆ. ಅದರ ಜೊತೆಗೆ ಅದೇ ಗುಣದ ಇನ್ನೊಂದನ್ನು ಇಟ್ಟು ಎರಡೂ ಒಂದೇ ಬಿಸಿಯಲ್ಲಿರುವಂತೆ ನೋಡಿಕೊಂಡರೆ ದೋಷದ ದೊಡ್ಡ ಪಾಲು ಕಳೆದುಹೋಗುತ್ತದೆ, ಪೂರ್ತಿಯಾಗಿ ಅಲ್ಲ. 1968ರಲ್ಲಿ ಹೊರಬಂದ ‘ಸ್ವಿಚ್ಡ್-ಆನ್ ಬಾಖ್’ ಧ್ವನಿಮುದ್ರಣಕ್ಕಾಗಿ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ ಬಾಖ್ ಕೃತಿಗಳನ್ನು ಮೋಗ್ ವಾದ್ಯದಲ್ಲಿ ಒಂದೊಂದೇ ಸ್ವರಪಂಕ್ತಿಯನ್ನು ನುಡಿಸಿ ಪದರಪದರವಾಗಿ ಕೂಡಿಸುವಾಗ ಮತ್ತೆ ಮತ್ತೆ ಶ್ರುತಿ ಸರಿಪಡಿಸಬೇಕಾಗಿತ್ತು. ಆ ತಾಳ್ಮೆಯ ಬೆಲೆ ಈ ಬೋರ್ಡುಗಳ ಮೇಲೆ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಗೀತ ರಚನಕಾರರಾದ ಮಾರ್ಟನ್ ಸುಬೊಟ್ನಿಕ್ ಮತ್ತು ರಾಮನ್ ಸೆಂಡರ್ ಅವರ ಕೋರಿಕೆಯ ಮೇರೆಗೆ ಡಾನ್ ಬುಕ್ಲಾ ರಚಿಸಿದ ವ್ಯವಸ್ಥೆಯಲ್ಲಿ ಕಪ್ಪುಬಿಳಿ ಮನೆಗಳೇ ಇರಲಿಲ್ಲ. ಬೆರಳಿನ ಸ್ಪರ್ಶಕ್ಕೆ ಸ್ಪಂದಿಸುವ ಲೋಹದ ಫಲಕಗಳಿದ್ದವು. ಕೀಬೋರ್ಡ್ ಹಾಕಿದರೆ ಜನ ಹಳೆಯ ಸಂಗೀತವನ್ನೇ ನುಡಿಸುತ್ತಾರೆಂಬ ಬುಕ್ಲಾ ಅವರ ವಾದ, ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಬೇಗ ಅರ್ಥವಾಗುತ್ತದೆ.

ಭಾರತಕ್ಕೂ ಈ ಯಂತ್ರ ತಡವಾಗಿ ಬರಲಿಲ್ಲ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಮಾಡ್ಯುಲರ್ ವ್ಯವಸ್ಥೆಯೊಂದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು 1972ರವರೆಗೆ ಅಲ್ಲಿ ಧ್ವನಿಮುದ್ರಣ ಮಾಡಿದರು. ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಮರೆಯಾಗಿದ್ದ ಆ ಟೇಪುಗಳು ಈಗ ಪ್ರಕಟವಾಗಿವೆ. ಅವನ್ನು ಕೇಳಲು ಕುಳಿತಾಗ ನನ್ನ ಕಿವಿ ಮೊದಲು ಅರಸುವುದು ಒಂದೇ ಶ್ರುತಿಗೆ ಕೂಡಿಸಿದ ಎರಡು ಆಸಿಲೇಟರುಗಳು ಕೂದಲೆಳೆಯಷ್ಟು ಬೇರೆಯಾದಾಗ ಏಳುವ ಆ ನಿಧಾನವಾದ ಅಲೆಯನ್ನು.