ಬೂಟಿನ ಪಟ್ಟಿ ಹಿಡಿದು ಮೇಲೇಳುವ ಮಾತು

ಎತ್ತರದ ಬೂಟಿನ ಹಿಂಭಾಗದಲ್ಲಿ ಬೆರಳು ತೂರುವಷ್ಟು ಒಂದು ಕುಣಿಕೆ ಹೊಲಿದಿರುತ್ತಾರೆ. ಕೆಲವು ಬೂಟುಗಳಲ್ಲಿ ಎರಡೂ ಬದಿಗೆ ಇರುತ್ತದೆ. ಕಾಲು ಒಳಗೆ ಇಳಿಸಿ, ಕುಣಿಕೆಗೆ ಬೆರಳು ಹಾಕಿ ಎಳೆದರೆ ಬೂಟು ಸರಕ್ಕನೆ ಕಾಲಿಗೇರುತ್ತದೆ. ಇದೇ ಬೂಟ್‌ಸ್ಟ್ರ್ಯಾಪ್. ಈ ತುಂಡು ಪಟ್ಟಿಗೆ ಇಂಗ್ಲಿಷಿನವರು ಒಂದು ಭಾರಿ ಮಾತನ್ನೇ ನೇತುಹಾಕಿದ್ದಾರೆ: ‘ಪುಲ್ ಯುವರ್‌ಸೆಲ್ಫ್ ಅಪ್ ಬೈ ಯುವರ್ ಓನ್ ಬೂಟ್‌ಸ್ಟ್ರ್ಯಾಪ್ಸ್’. ಯಾರ ಹಂಗೂ ಇಲ್ಲದೆ ಸ್ವಂತ ದುಡಿಮೆಯಿಂದಲೇ ಮೇಲೆ ಬಾ ಅಂತ ಅರ್ಥ.

ಈ ಮಾತನ್ನು ಪಾಲಿಸಲು ಹೋದರೆ ಏನಾಗುತ್ತದೆ? ನಾನು ಒಮ್ಮೆ ಮಾಡಿ ನೋಡಿದ್ದೇನೆ. ಬಗ್ಗಿ ನಿಂತು, ಎರಡೂ ಪಟ್ಟಿಗೆ ಬೆರಳು ಸಿಕ್ಕಿಸಿ ಜಗ್ಗಿದೆ. ಸೊಂಟ ಹಿಡಿದುಕೊಂಡಿತೇ ಹೊರತು ಕಾಲು ನೆಲ ಬಿಡಲಿಲ್ಲ. ಬಿಡುವುದೂ ಇಲ್ಲ. ಕೈ ಬೂಟನ್ನು ಎಷ್ಟು ಮೇಲಕ್ಕೆ ಎಳೆಯುತ್ತದೋ ಬೂಟು ಕೈಯನ್ನು ಅಷ್ಟೇ ಕೆಳಕ್ಕೆ ಎಳೆಯುತ್ತದೆ. ಆ ಎಳೆತ ತೋಳು, ಹೆಗಲು, ಬೆನ್ನು, ಕಾಲು ಎಲ್ಲ ಸುತ್ತಿ ಮತ್ತೆ ಅದೇ ಬೂಟಿಗೆ ಬಂದು ಸೇರುತ್ತದೆ. ಕೊಟ್ಟಿದ್ದೂ ನೀವೇ, ತಗೊಂಡಿದ್ದೂ ನೀವೇ. ಲೆಕ್ಕ ಸೊನ್ನೆ. ನ್ಯೂಟನ್ನನ ಮೂರನೇ ನಿಯಮದ ಮುಂದೆ ಯಾರ ಹಟವೂ ನಡೆಯುವುದಿಲ್ಲ.

ಇದು ಮೊದಲು ಈ ಮಾತು ಆಡಿದವರಿಗೂ ಚೆನ್ನಾಗಿ ಗೊತ್ತಿತ್ತು. ಅವರು ಆಡಿದ್ದೇ ಗೇಲಿ ಮಾಡಲು. 1834ರಲ್ಲಿ ಅಮೆರಿಕದಲ್ಲಿ ಮರ್ಫ್ರಿ ಎಂಬಾತ ನಿರಂತರ ಚಲನೆಯ ಗುಟ್ಟು ಕಂಡುಹಿಡಿದಿದ್ದೇನೆ ಅಂತ ಹೇಳಿಕೊಂಡ. ಹೊರಗಿನ ಶಕ್ತಿಯೇ ಬೇಡದೆ ಸದಾ ಓಡುವ ಯಂತ್ರದ ಕನಸು ಅದು. ‘ವರ್ಕಿಂಗ್‌ಮ್ಯಾನ್ಸ್ ಅಡ್ವೊಕೇಟ್’ ಎಂಬ ಪತ್ರಿಕೆ ಅವನ ಕಾಲೆಳೆಯಿತು. ಹಾಗಾದರೆ ಇನ್ನು ಮೇಲೆ ಈತ ತನ್ನ ಬೂಟಿನ ಪಟ್ಟಿ ಹಿಡಿದುಕೊಂಡೇ ಕಂಬರ್ಲ್ಯಾಂಡ್ ನದಿಯನ್ನೋ ಕೊಟ್ಟಿಗೆಯ ಬೇಲಿಯನ್ನೋ ದಾಟಬಹುದು ಎಂಬ ಧಾಟಿಯಲ್ಲಿ ಬರೆಯಿತು. ನದಿಯ ಪಕ್ಕದಲ್ಲಿ ಬೇಲಿಯನ್ನೂ ಇಟ್ಟಿದ್ದಾರೆ ನೋಡಿ, ಅಲ್ಲೇ ಕುಹಕ ಇರುವುದು.

ಅರ್ಧ ಶತಮಾನ ಕಳೆದರೂ ಅರ್ಥ ಬದಲಾಗಿರಲಿಲ್ಲ. 1888ರಲ್ಲಿ ಡಾರ್ಮನ್ ಸ್ಟೀಲ್ ಹೆಸರಿನಲ್ಲಿ ಬಂದ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿ ಮಕ್ಕಳಿಗೊಂದು ಪ್ರಶ್ನೆ ಇದೆ: ಮನುಷ್ಯ ತನ್ನ ಬೂಟಿನ ಪಟ್ಟಿ ಎಳೆದು ತನ್ನನ್ನೇ ಮೇಲೆತ್ತಿಕೊಳ್ಳಲು ಯಾಕೆ ಆಗುವುದಿಲ್ಲ? ಆಗುವುದಿಲ್ಲ ಎನ್ನುವುದರಲ್ಲಿ ಅನುಮಾನವೇ ಇಲ್ಲ, ಕಾರಣ ಮಾತ್ರ ಬರೆಯಬೇಕು.

ಆಮೇಲೆ ಮಾತು ಮಗುಚಿಕೊಂಡಿತು. 1922ರಲ್ಲಿ ಬಂದ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯಲ್ಲಿ ಬೂಟಿನ ಪಟ್ಟಿ ಹಿಡಿದವರು ಹುಚ್ಚರಲ್ಲ, ಏಣಿಯ ಕೆಳಗಿನ ಮೆಟ್ಟಿಲಿನಿಂದ ತುದಿಗೆ ಏರಿದವರು. ಆಗದ ಕೆಲಸಕ್ಕೆ ಹೆಸರಾಗಿದ್ದದ್ದು ಶಹಬ್ಬಾಸ್‌ಗಿರಿಯಾಯಿತು. ಯಾರೋ ಕೂತು ಬದಲಾಯಿಸಿದ್ದಲ್ಲ. ‘ಆಗದ್ದನ್ನೂ ಮಾಡಿ ತೋರಿಸಿದ’ ಎಂಬ ಹೊಗಳಿಕೆಗೂ ‘ಆಗದ್ದಕ್ಕೆ ಕೈ ಹಾಕಿದ’ ಎಂಬ ಗೇಲಿಗೂ ನಡುವೆ ಗೋಡೆ ತುಂಬಾ ತೆಳು, ಅಲ್ವಾ?

ಒಂದು ತಪ್ಪು ಕಥೆಯನ್ನು ಇಲ್ಲೇ ಬದಿಗಿಡೋಣ. ಬುರುಡೆ ಕಥೆಗಳ ಬ್ಯಾರನ್ ಮುಂಚಾಸನ್ ಬೂಟಿನ ಪಟ್ಟಿ ಹಿಡಿದು ಕೆಸರಿನಿಂದ ಎದ್ದುಬಂದ, ಮಾತು ಹುಟ್ಟಿದ್ದೇ ಅಲ್ಲಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. 18ನೇ ಶತಮಾನದ ಜರ್ಮನ್ ಕಥೆಯಲ್ಲಿ ಅವನು ಎಳೆದುಕೊಂಡದ್ದು ತನ್ನ ಜುಟ್ಟನ್ನು, ಕುದುರೆಯ ಸಮೇತ. ಜಾತಿ ಒಂದೇ, ಆದರೆ ಬೂಟಿಲ್ಲ. ಸಂಸ್ಕೃತದಲ್ಲೂ ಇಂಥದ್ದೇ ಹಳೆಯ ಮಾತೊಂದಿದೆ: ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲ ಮೇಲೆ ತಾನೇ ಹತ್ತಲಾರ. ಅದು ಇವತ್ತಿಗೂ ‘ಆಗದ ಕೆಲಸ’ವಾಗಿಯೇ ಉಳಿದಿದೆ.

ಬೂಟಿನ ಪಟ್ಟಿ ಮಾತ್ರ ಊರೆಲ್ಲ ಸುತ್ತಿತು. 1950ರ ದಶಕದ ಕಂಪ್ಯೂಟರಿಗೆ ಒಂದು ಪೇಚಿತ್ತು. ಪ್ರೋಗ್ರಾಂ ಓದಿಕೊಳ್ಳಲು ಒಂದು ಪ್ರೋಗ್ರಾಂ ಬೇಕು, ಆ ಮೊದಲನೆಯದನ್ನು ಓದುವವರು ಯಾರು? ಐಬಿಎಂ 701 ಯಂತ್ರದಲ್ಲಿ ಅದಕ್ಕೊಂದು ‘ಲೋಡ್’ ಗುಂಡಿ ಇಟ್ಟರು. ಒತ್ತಿದರೆ ರಂಧ್ರ ಕೊರೆದ ಕಾರ್ಡಿನಿಂದ ಮೊದಲ ಚಿಕ್ಕ ತುಣುಕು ಒಳಗೆ ಬರುತ್ತಿತ್ತು. ಆ ತುಣುಕು ಮುಂದಿನದನ್ನು ಎಳೆದುಕೊಳ್ಳುತ್ತಿತ್ತು, ಅದು ಅದರ ಮುಂದಿನದನ್ನು. ಇದಕ್ಕೆ ಬೂಟ್‌ಸ್ಟ್ರ್ಯಾಪ್ ಎಂದೇ ಹೆಸರಾಯಿತು. ಬಾಲ ಕತ್ತರಿಸಿದರೆ ನಾವು ದಿನಾ ಹೇಳುವ ‘ಬೂಟ್’, ‘ರೀಬೂಟ್’. 1979ರಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್, ಕೈಯಲ್ಲಿರುವ ಅಂಕಿಗಳಿಂದಲೇ ಮತ್ತೆ ಮತ್ತೆ ಮಾದರಿ ಆರಿಸಿ ಅಂದಾಜು ಕಟ್ಟುವ ವಿಧಾನಕ್ಕೂ ಇದೇ ಹೆಸರಿಟ್ಟರು. ಹೊರಗಿನ ಹೂಡಿಕೆದಾರರ ದುಡ್ಡು ಮುಟ್ಟದೆ ನಡೆಯುವ ಕಂಪನಿಯನ್ನು ಈಗ ‘ಬೂಟ್‌ಸ್ಟ್ರ್ಯಾಪ್ಡ್’ ಅನ್ನುತ್ತಾರೆ.

ಆದರೆ ಆ ಲೋಡ್ ಗುಂಡಿಯನ್ನು ನೋಡಿ. ಅದನ್ನು ಯಾರೋ ಮೊದಲೇ ಅಲ್ಲಿ ಕೂರಿಸಿದ್ದರು, ಇನ್ಯಾರೋ ಬಂದು ಒತ್ತಬೇಕಿತ್ತು. ಮನುಷ್ಯ ತನ್ನನ್ನೇ ಎತ್ತಿಕೊಳ್ಳುವ ದಾರಿಯೂ ಒಂದಿದೆ. ಮೇಲಿನ ತೊಲೆಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಬುಟ್ಟಿ ಕಟ್ಟಿ, ಅದರಲ್ಲಿ ಕೂತು ಇನ್ನೊಂದು ತುದಿಯನ್ನು ಎಳೆಯಬೇಕು. ಒಟ್ಟು ತೂಕದ ಸುಮಾರು ಅರ್ಧದಷ್ಟು ಬಲ ಹಾಕಿದರೆ ಸಾಕು, ಬುಟ್ಟಿ ಮೇಲೇರುತ್ತದೆ. ಎಳೆಯುವುದು ನಿಜಕ್ಕೂ ಅವನೇ. ಭಾರ ಹೊರುವುದು ತೊಲೆ.

ಈ ತೊಲೆಯ ವಿಷಯವನ್ನೇ ಮಾರ್ಟಿನ್ ಲೂಥರ್ ಕಿಂಗ್ ಎತ್ತಿದ್ದರು. 1968ರ ಮಾರ್ಚ್ 31ರಂದು ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಮಾತಾಡುತ್ತಾ, ನಿನ್ನ ಬೂಟಿನ ಪಟ್ಟಿ ಹಿಡಿದು ಮೇಲೇಳು ಅಂತ ಹೇಳುವುದು ಸರಿಯೇ, ಆದರೆ ಬೂಟೇ ಇಲ್ಲದವನಿಗೆ ಹಾಗೆ ಹೇಳುವುದು ಕ್ರೂರ ತಮಾಷೆ ಎಂದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗೆ ನೆಲ ಕೊಡದ ಸರ್ಕಾರ, ಅದೇ ಕಾಲದಲ್ಲಿ ಪಶ್ಚಿಮದ ಲಕ್ಷಾಂತರ ಎಕರೆಯನ್ನು ಬಿಳಿಯರಿಗೆ ಹಂಚಿತ್ತು ಎಂದು ನೆನಪಿಸಿದರು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಒಬ್ಬರಿಗೆ 160 ಎಕರೆವರೆಗೂ ಸಿಗುತ್ತಿತ್ತು. ಹಾಗೆ ಪಡೆದವರೂ ದುಡಿದರು, ಸುಳ್ಳಲ್ಲ. ಈ ಭಾಷಣವಾಗಿ ನಾಲ್ಕೇ ದಿನಕ್ಕೆ ಕಿಂಗ್ ಅವರ ಕೊಲೆಯಾಯಿತು.

ಹಾಗಾಗಿ ಈ ಮಾತು ಬಳಸುವಾಗ ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದರ ಮೇಲೆ ಕಣ್ಣಿಡಬೇಕು. ಮೇಲೆ ಬಂದವರ ಬಗ್ಗೆ ಮೂರನೆಯವರು ಹೇಳಿದರೆ ಹೊಗಳಿಕೆ. ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಸ್ವಲ್ಪ ಜಂಬ. ಕಷ್ಟದಲ್ಲಿರುವವರ ಮುಖಕ್ಕೆ ಹೇಳಿದರೆ ಸುಮ್ನೆ ಒರಟುತನ, ನಾನಂತೂ ಹೇಳುವುದಿಲ್ಲ. ಅಪ್ಪನ ಕಂಪನಿಯಲ್ಲಿ ಮ್ಯಾನೇಜರ್ ಆಗಿ ಶುರು ಮಾಡಿದವರಿಗೆ, ಎಷ್ಟೇ ದುಡಿದಿರಲಿ, ಇದು ಒಪ್ಪುವುದಿಲ್ಲ. ಇಲ್ಲಿ ಬರಿಗೈಯಿಂದ ಹೊರಟಿರಬೇಕು. ಕನ್ನಡಕ್ಕೆ ತರುವಾಗ ‘ಸ್ವಂತ ಕಾಲ ಮೇಲೆ ನಿಂತ’ ಅಂದರೆ ಹತ್ತಿರ ಬರುತ್ತದೆ, ಪೂರ್ತಿ ಅಲ್ಲ. ನಿಲ್ಲುವುದು ಬೇರೆ, ಏರುವುದು ಬೇರೆ.

ಇನ್ನು, ಕೆಲಸ ಮೈಗಂಟಿಸಿಕೊಂಡು ಮಾಡು ಅಂತ ಹೇಳಬೇಕಾದಲ್ಲಿ ಬೂಟ್‌ಸ್ಟ್ರ್ಯಾಪ್ ತರುವವರು ಜಾಸ್ತಿ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತೇ ಇದೆ, ‘ಪುಲ್ ಯುವರ್ ಸಾಕ್ಸ್ ಅಪ್’. ಸಾಕ್ಸ್ ಆದರೆ ಎಳೆದಾಗ ನಿಜವಾಗಿಯೂ ಮೇಲೆ ಬರುತ್ತದೆ.